ಕಳ್ಳಂಬೆಳ್ಳ ಕೆರೆಯ ಹಾಯಿದೋಣಿಗೆ ಲಾರಿಯ ವೈಪರ್ ಮೋಟರ್

ನಾನು ವೈರಿಂಗ್ ಮಾಡಿದ ಲಾರಿ, ಬಸ್ಸುಗಳು ಎಷ್ಟೆಂದು ಕೇಳಿದರೆ ನನಗೆ ಗೊತ್ತಿಲ್ಲ. ದೋಣಿ ಎಷ್ಟೆಂದು ಕೇಳಿದರೆ ಥಟ್ಟನೆ ಹೇಳಬಲ್ಲೆ, ಒಂದು. ಈಗ ಈ ಕೆಲಸ ಕಲಿಯಲು ಬರುವವರು ಕೈಯಲ್ಲಿ ಸ್ಕ್ಯಾನರ್ ಹಿಡಿದೇ ಬರುತ್ತಾರೆ. ಗಾಡಿಯ ಹೊಟ್ಟೆಯೊಳಗೆ ಏನಾಗಿದೆ ಎಂದು ಅದೇ ಓದಿ ಹೇಳುತ್ತದೆ. ಅವರಿಗೆ ನಾನು ಹೇಳಿಕೊಡುವುದು ಏನೂ ಉಳಿದಿಲ್ಲ ಅನ್ನಿಸಿದಾಗಲೆಲ್ಲ ಈ ದೋಣಿಯ ಕಥೆ ಹೇಳುತ್ತೇನೆ. ಸಿರಾ ಸೀಮೆಯಲ್ಲಿ ಹಾಯಿದೋಣಿಯೇ ಎಂದು ಅವರು ನಗುತ್ತಾರೆ. ನಗಲಿ, ಅಂದು ನಾನೂ ನಕ್ಕಿದ್ದೆ.

ನನ್ನ ಊರು ಕೊರಟಗೆರೆ. ಗೊರವನಹಳ್ಳಿಯ ದೇವಸ್ಥಾನಕ್ಕೆ ಹೋಗುವ ಬಸ್ಸು ನಿಲ್ಲುವಲ್ಲಿ ನಮ್ಮಪ್ಪ ತೆಂಗಿನಕಾಯಿ, ಕರ್ಪೂರ, ವಿಭೂತಿಯ ಅಂಗಡಿ ಇಟ್ಟುಕೊಂಡಿದ್ದರು. ಅಂಗಡಿಯಲ್ಲಿ ಕೂರಿಸಿದರೆ ನನ್ನ ಕಣ್ಣು ಗಿರಾಕಿಗಳ ಮೇಲಿರದೆ ಬಸ್ಸಿನ ಬಾನೆಟ್ ಮೇಲಿರುತ್ತಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ದಿನ ಸಿರಾ ಹೆದ್ದಾರಿಯ ಪಕ್ಕದ ಗೌಸ್ ಸಾಬರ ಲಾರಿ ವೈರಿಂಗ್ ಶೆಡ್ಡಿಗೆ ಹೋಗಿ ಸೇರಿಕೊಂಡೆ. ಹಣೆಗೆ ವಿಭೂತಿ ಧರಿಸಿ ಲಾರಿಯ ಕೆಳಗೆ ನುಗ್ಗುವ ಹುಡುಗನನ್ನು ಅವರು ಅದಕ್ಕೂ ಮುಂಚೆ ಕಂಡಿರಲಿಲ್ಲ. ಅಂದಿನಿಂದ ನಾನು ಅವರ ಪಾಲಿಗೆ ಅಯ್ನೋರು, ಅವರು ನನಗೆ ಉಸ್ತಾದ್. "ಅಯ್ನೋರೆ, ಹದಿನಾಲ್ಕರ ಸ್ಪ್ಯಾನರ್ ದಯಪಾಲಿಸ್ಬೇಕು" ಎನ್ನುತ್ತಿದ್ದರು. ಕೊಡುವುದು ಒಂದು ಕ್ಷಣ ತಡವಾದರೆ ಆ ಮರ್ಯಾದೆಯೆಲ್ಲ ಮಾಯ.

ಆಗ ನಮ್ಮ ಹತ್ತಿರ ಇದ್ದ ಪರೀಕ್ಷಾ ಯಂತ್ರವೆಂದರೆ ಒಂದು ಬಲ್ಬು, ಅದಕ್ಕೆ ಎರಡು ವೈರು. ಬಲ್ಬು ಹತ್ತಿದರೆ ಕರೆಂಟ್ ಇದೆ, ಹತ್ತದಿದ್ದರೆ ಇಲ್ಲ. ಉಸ್ತಾದ್ ಕಲಿಸಿದ ಮೊದಲ ಪಾಠ ಅರ್ತ್. ಮನೆಯಲ್ಲಿ ದೀಪಕ್ಕೆ ಎರಡು ವೈರು ಬೇಕು, ಒಂದರಲ್ಲಿ ಕರೆಂಟ್ ಹೋಗುತ್ತದೆ, ಇನ್ನೊಂದರಲ್ಲಿ ವಾಪಸ್ ಬರುತ್ತದೆ. ಲಾರಿಗೆ ಒಂದೇ ಸಾಕು. ವಾಪಸ್ ಬರುವ ದಾರಿ ಲಾರಿಯ ಕಬ್ಬಿಣದ ಮೈಯೇ, ಅದೇ ಅರ್ತ್. "ಪೈಲೆ ಅರ್ತ್ ನೋಡು, ಬಾಕಿ ಎಲ್ಲಾ ಆಮೇಲೆ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಹತ್ತು ಸಲ ಕೇಳಿಯೂ ನಾನು ಒಂದು ಎಡವಟ್ಟು ಮಾಡಿದೆ. ಮಿಡಿಗೇಶಿ ಕಡೆ ಓಡುವ ಒಂದು ಬಸ್ಸಿನಲ್ಲಿ ಬ್ಯಾಟರಿಯನ್ನು ಮೈಗೆ ಸೇರಿಸುವ ಅರ್ತ್ ಪಟ್ಟಿ ತುಕ್ಕು ಹಿಡಿದು ಅಸಹ್ಯವಾಗಿ ಕಾಣುತ್ತಿತ್ತು. ಪಟ್ಟಿ ಬಿಚ್ಚಿ, ಉಜ್ಜಿ, ಜಾಗಕ್ಕೆಲ್ಲ ಚೆನ್ನಾಗಿ ಕಪ್ಪು ಬಣ್ಣ ಬಳಿದು ಮತ್ತೆ ಬಿಗಿದೆ. ಬಣ್ಣದ ಮೂಲಕ ಕರೆಂಟ್ ದಾಟುವುದಿಲ್ಲ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಮಿಡಿಗೇಶಿ ಬಿಟ್ಟ ಮೇಲೆ ಹಾರನ್ ಸತ್ತಿತು. ಮಧುಗಿರಿ ತಲುಪುವವರೆಗೆ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ದಾರಿಯ ಕುರಿ, ದನ, ಜನಕ್ಕೆಲ್ಲ ಹೋಯ್ ಹೋಯ್ ಎಂದು ಕೂಗಿಕೊಂಡು ಬಂದನಂತೆ. ಉಸ್ತಾದ್ ಬಯ್ಯಲಿಲ್ಲ, ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ, "ಗಾಡಿಗೆ ಮೇಕಪ್ ಮಾಡೋಕೆ ನಿಮ್ಮನ್ನ ಇಟ್ಕೊಂಡಿದ್ದೀನಾ ಅಯ್ನೋರೆ?" ಎಂದರು. ಅವರ ಬಾಯಿಂದ ಮಾತು ಬಂತಲ್ಲ ಎಂದು ನನಗೆ ಹಬ್ಬವಾಯಿತು.

ಹೀಗೆ ಏಳೆಂಟು ವರ್ಷ ಕಳೆದವು. ಬ್ಯಾಟರಿಗೆ ಕರೆಂಟ್ ತುಂಬುತ್ತಿದ್ದ ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಪಾವಗಡದ ಡ್ರೈವರೊಬ್ಬ, "ಏಮಿ ಸ್ವಾಮಿ, ಹೊಸಾದು ಅಂದ್ರೆ ಭಯಮಾ ನಿಂಗೆ? ನನ್ನ ಬಂಡಿ ಮೇಲೇ ಕಲ್ತ್ಕೋ" ಎಂದು ತನ್ನ ಲಾರಿಯನ್ನೇ ನನಗೆ ಒಪ್ಪಿಸಿದ. ಅದರ ಆಲ್ಟರ್ನೇಟರನ್ನು ನಾನು ಎರಡು ಸಲ ಸುಟ್ಟೆ, ಅವನು ಎರಡು ಸಲವೂ ನಕ್ಕ. ಅಂಥವರು ಇದ್ದರು ಅಂತಲೇ ನಮ್ಮಂಥವರು ಕೆಲಸ ಕಲಿತದ್ದು.

ಎಂಬತ್ತರ ದಶಕದಲ್ಲಿ ಒಂದು ವರ್ಷ ಮಳೆ ಚೆನ್ನಾಗಿ ಹಿಡಿದು ಕಳ್ಳಂಬೆಳ್ಳದ ಕೆರೆ ತುಂಬಿ ಕೋಡಿ ಬಿತ್ತು. ಆಮೇಲೆ ಹದಿನೈದು ದಿನಕ್ಕೆ ಒಬ್ಬರು ನಮ್ಮ ಶೆಡ್ಡಿಗೆ ಬಂದರು. ಐವತ್ತು ದಾಟದ ವಯಸ್ಸು, ನೆಟ್ಟಗಿನ ನಿಲುವು. ಬಲಗೈ ಮಾತ್ರ ಮಡಚಿಕೊಂಡು ಎದೆಗೆ ಅಂಟಿತ್ತು. ಎಡಗೈಯಲ್ಲಿದ್ದ ಚೀಲವನ್ನು ಬೆಂಚಿನ ಮೇಲಿಟ್ಟು, ಅದೇ ಕೈಯಿಂದ ಅದರ ಬಾಯಿ ಬಿಚ್ಚಿ, ಹಿತ್ತಾಳೆಯ ಒಂದು ದಿಕ್ಸೂಚಿ ಹೊರತೆಗೆದರು.

"ಸಾಬ್ರೇ, ತಾನೇ ಚಕ್ರ ತಿರುಗ್ಸೋ ಯಂತ್ರ ಒಂದು ಕಟ್ಟಿಕೊಡ್ಬೇಕು."

"ಯಾವ ಗಾಡಿಗೆ?" ಎಂದರು ಉಸ್ತಾದ್.

"ದೋಣಿಗೆ."

ಉಸ್ತಾದ್ ಎರಡೂ ಕೆನ್ನೆ ಮುಟ್ಟಿಕೊಂಡು "ತೌಬಾ" ಎಂದರು. ನಾನು ನಕ್ಕೆ. ಬಂದವರು ನಗಲಿಲ್ಲ.

ಅವರು ರಂಗಪ್ಪ. ಕಳ್ಳಂಬೆಳ್ಳದ ಹತ್ತಿರದ ಹಳ್ಳಿಯ ಕುರಿಗಾರರ ಮನೆತನ. ಹರೆಯದಲ್ಲಿ ನೌಕಾಪಡೆಗೆ ಸೇರಿ ಇಪ್ಪತ್ತು ವರ್ಷ ಹಡಗಿನ ಚುಕ್ಕಾಣಿಯ ಚಕ್ರ ಹಿಡಿದವರು. ಊರಿನವರಿಗೆ ಸೈನ್ಯವೆಲ್ಲ ಒಂದೇ ಆದ್ದರಿಂದ ಅವರ ಹೆಸರು ಮಿಲ್ಟ್ರಿ ರಂಗಪ್ಪ. ನಿವೃತ್ತರಾಗಿ ಬಂದು ಗಾಡಿ ಮಾಡುವ ಬಡಗಿಯ ಜೊತೆ ಸೇರಿ ಒಂದು ಹಾಯಿದೋಣಿ ಕಟ್ಟಿದರು. ಅದು ಮುಗಿಯುವ ಹೊತ್ತಿಗೆ ಲಕ್ವ ಹೊಡೆದು ಬಲಗೈ ಹೋಯಿತು.

"ಹಾಯಿದೋಣಿಗೆ ಎರಡು ಕೈ ಬೇಕು ಮೇಸ್ತ್ರಿ" ಎಂದು ನನ್ನ ಕಡೆ ತಿರುಗಿದರು. "ಒಂದು ಕೈಯಾಗೆ ಹಾಯಿ ಹಗ್ಗ, ಇನ್ನೊಂದ್ರಾಗೆ ಚಕ್ರ. ನಂಗಿರೋದು ಒಂದೇ. ಹಗ್ಗ ಹಿಡಿದ್ರೆ ಚಕ್ರ ಬುಡ್ಬೇಕು, ಚಕ್ರ ಬುಟ್ರೆ ದೋಣಿ ಎತ್ತಲಾಗೋ ಹೋಯ್ತದೆ. ದೊಡ್ಡ ಹಡಗಿನಾಗೆ ಆಟೋಪೈಲಟ್ ಅಂತ ಐತೆ. ದಿಕ್ಕು ಹೇಳಿ ಬುಟ್ರೆ ಅದೇ ಚಕ್ರ ತಿರುಗಿಸ್ಕಂಡು ಹೋಯ್ತದೆ. ಅಂಥದ್ದು ಒಂದು ಬೇಕು."

"ಚಕ್ರ ಹಿಡಿಯೋಕೆ ಊರಿನವರು ಯಾರಾದ್ರೂ ಸಿಗಲ್ವಾ?" ಎಂದೆ.

"ಇನ್ನೊಬ್ಬ ಚಕ್ರ ಹಿಡಿದ್ರೆ ನಾನು ಪ್ಯಾಸೆಂಜರ್ ಕಣಪ್ಪ."

ಕೆರೆ ಹಾಗೆ ತುಂಬಿದ್ದು ಬಹಳ ವರ್ಷಗಳ ಮೇಲೆ. ಭತ್ತಕ್ಕೆ ತೂಬು ಎತ್ತಿದರೆ ನೀರು ವಾರವಾರಕ್ಕೂ ಇಳಿಯುತ್ತದೆ. ಮತ್ತೆ ಯಾವಾಗ ತುಂಬುತ್ತದೋ, ಅಷ್ಟರಲ್ಲಿ ತಾನಿರುತ್ತೇನೋ ಇಲ್ಲವೋ ಎಂಬುದು ಅವರ ಚಿಂತೆ. ನೀರು ಇಳಿಯುವ ಮೊದಲು ಒಂದು ಸಲ ತಾನೇ ದೋಣಿ ನಡೆಸಬೇಕು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಉಸ್ತಾದ್ ದಿಕ್ಸೂಚಿಯನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನ ಕೈಗಿಟ್ಟರು. "ನಂಗೆ ನೀರು ಅಂದ್ರೆ ರೇಡಿಯೇಟರ್ ನೀರು ಮಾತ್ರ ಗೊತ್ತು. ನೀವು ಹೋಗಿ ಅಯ್ನೋರೆ."

ಮರುದಿನ ಅವರ ಮನೆಗೆ ಹೋದೆ. ದೋಣಿ ಕುರಿಹಟ್ಟಿಯ ಪಕ್ಕದಲ್ಲಿ ಮಲಗಿತ್ತು. ಒಬ್ಬ ಮನುಷ್ಯ ಉದ್ದಕ್ಕೆ ಮೂರು ಸಲ ಮಲಗುವಷ್ಟು ಉದ್ದ, ಮೈಗೆಲ್ಲ ಟಾರು. ಚುಕ್ಕಾಣಿಯ ಚಕ್ರವನ್ನು ಬಡಗಿ ತನಗೆ ಗೊತ್ತಿದ್ದ ಹಾಗೆ ಎತ್ತಿನಗಾಡಿಯ ಗಾಲಿಯನ್ನೇ ಸಣ್ಣದು ಮಾಡಿ ಕೂರಿಸಿದ್ದ. ಹಾಯಿ ಹೊಲಿದವರು ರಂಗಪ್ಪನವರ ಹೆಂಡತಿ ಸಿದ್ದಮ್ಮ. ರಂಗಪ್ಪ ಒಳಗೆ ಹೋದ ಹೊತ್ತು ನೋಡಿ ಆಕೆ ನನ್ನನ್ನು ಬೇಲಿಯ ಹತ್ತಿರ ಕರೆದರು. ಆಕೆ ಅಯ್ನೋರೆ ಎಂದಾಗ ಅದರಲ್ಲಿ ಉಸ್ತಾದರ ತಮಾಷೆ ಇರಲಿಲ್ಲ.

"ಅಯ್ನೋರೆ, ಆಗಾಕಿಲ್ಲ ಅಂತ ಹೇಳ್ಬುಡಿ. ನೀವು ಹೇಳಿದ್ರೆ ಕೇಳ್ತಾರೆ."

"ಮತ್ತೆ ಹಾಯಿ ಹೊಲಿದುಕೊಟ್ಟೋರು ನೀವೇ ಅಲ್ವೇನಮ್ಮ?"

"ಹೊಲಿದುಕೊಟ್ಟೆ. ಮನೇಲೇ ಬಿದ್ದಿರ್ತದೆ ಅಂದ್ಕಂಡಿದ್ದೆ. ಈ ಕೆರೆ ತುಂಬ್ತದೆ ಅಂತ ಯಾರು ಕಂಡಿದ್ರು?" ಆಕೆಯ ಕಣ್ಣು ತುಂಬಿತು. "ಇಪ್ಪತ್ತು ವರ್ಸ ಆ ನೀರು ನನ್ನ ಗಂಡನ್ನ ಇಟ್ಕಂಡಿತ್ತು. ಅತ್ತೆ ಮಾವನ್ನ, ಕುರಿನ ನೋಡ್ಕಂಡು ನಾನು ಇಲ್ಲೇ ಕಾದೆ. ವಾಪಸ್ ಕೊಟ್ಟದ್ದು ಈಗ, ಅದೂ ಅರ್ಧ. ಆ ಅರ್ಧಾನೂ ಕೆರೆಗೆ ಕೊಡ್ಲಾ?"

ನಾನು ಏನೋ ಗೊಣಗಿ ದೋಣಿಯ ಕಡೆ ನಡೆದೆ. ನಿಜ ಹೇಳಬೇಕೆಂದರೆ, ಆಕೆಯ ಮಾತಿಗಿಂತ ಆ ಯಂತ್ರ ನನ್ನ ತಲೆಯನ್ನು ಹೆಚ್ಚು ಹೊಕ್ಕಿತ್ತು. ಅಂಥ ಕೆಲಸ ಎದುರಿಗೆ ಬಂದಾಗ ಮನುಷ್ಯರ ಮಾತು ನಮ್ಮ ಕಿವಿಗೆ ಅರ್ಧವೇ ಬೀಳುತ್ತದೆ. ಈ ಕೆಲಸಕ್ಕೆ ಬರುವವರು ಈ ಒಂದು ದೋಷವನ್ನು ನನ್ನಿಂದ ಕಲಿಯಬೇಡಿ.

ನಾನು ಕಟ್ಟಿದ್ದು ಇಷ್ಟು. ದಿಕ್ಸೂಚಿಯೊಳಗೆ ತಿರುಗುವ ಬಿಲ್ಲೆಯ ಅರ್ಧ ಭಾಗಕ್ಕೆ ಕಪ್ಪು ಕಾಗದ ಅಂಟಿಸಿದೆ. ಮೇಲೊಂದು ಸಣ್ಣ ಬಲ್ಬು, ಪಕ್ಕದಲ್ಲಿ ಬೆಳಕನ್ನು ಗುರುತಿಸುವ ಎರಡು ಪುಟ್ಟ ಕಣ್ಣುಗಳು. ದೋಣಿ ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಒಂದು ಕಣ್ಣಿಗೆ ಬೆಳಕು, ಬಲಕ್ಕೆ ತಿರುಗಿದರೆ ಇನ್ನೊಂದಕ್ಕೆ. ಬೆಳಕು ಬಿದ್ದ ಕಡೆಯ ರಿಲೇ ಎಂಬ ಸ್ವಿಚ್ಚು ಟಿಕ್ ಎಂದು ಕಚ್ಚಿಕೊಂಡು ಲಾರಿಯ ವೈಪರ್ ಮೋಟರನ್ನು ಓಡಿಸುತ್ತದೆ. ಮೋಟರಿನಿಂದ ಸೈಕಲ್ ಚೈನು ಚಕ್ರಕ್ಕೆ ಹೋಗಿ, ಚಕ್ರವನ್ನು ಬೇಕಾದ ಕಡೆಗೆ ತಿರುಗಿಸಿ ದೋಣಿಯನ್ನು ಸರಿದಾರಿಗೆ ತರುತ್ತದೆ. ಕಣ್ಣು, ರಿಲೇಗಳನ್ನೆಲ್ಲ ಬೆಂಗಳೂರಿಗೆ ಹೋಗಿ ತಂದೆ. ಮಿಕ್ಕಿದ್ದೆಲ್ಲ ಶೆಡ್ಡಿನ ಗುಜರಿ.

ಎಲ್ಲ ಕೂರಿಸಿ ಬ್ಯಾಟರಿ ಕೊಟ್ಟೆ. ಏನೂ ಆಗಲಿಲ್ಲ. ಬಲ್ಬಿಲ್ಲ, ಟಿಕ್ ಇಲ್ಲ, ಮೋಟರಿಲ್ಲ. ಉಸ್ತಾದರ ಪಾಠದಂತೆ ಪೈಲೆ ಅರ್ತ್ ನೋಡಲು ಹೊರಟೆ. ಟೆಸ್ಟ್ ಬಲ್ಬಿನ ಒಂದು ತುದಿಯನ್ನು ಬ್ಯಾಟರಿಗೆ ಹಿಡಿದು, ಇನ್ನೊಂದು ತುದಿಯನ್ನು ದೋಣಿಯ ಮೈಗೆ ಅಲ್ಲಿ ಮುಟ್ಟಿಸಿದೆ, ಇಲ್ಲಿ ಮುಟ್ಟಿಸಿದೆ, ಟಾರು ಕೆರೆದು ಮುಟ್ಟಿಸಿದೆ. ರಂಗಪ್ಪ ಪಕ್ಕಕ್ಕೆ ಬಂದು ಬಗ್ಗಿ ನೋಡಿದರು.

"ಏನ್ ಹುಡುಕ್ತಿದ್ದೀಯ ಮೇಸ್ತ್ರಿ?"

"ಅರ್ತ್."

"ಮರದಾಗಾ?"

ಲಾರಿಯ ಅಭ್ಯಾಸದಲ್ಲಿ ನಾನು ಎಲ್ಲದಕ್ಕೂ ಒಂದೊಂದೇ ವೈರು ಎಳೆದಿದ್ದೆ. ವಾಪಸ್ ದಾರಿಯನ್ನು ದೋಣಿಯ ಮೈಗೆ ಬಿಟ್ಟಿದ್ದೆ, ಅದು ಮರದ ಮೈ. ರಂಗಪ್ಪ ನಕ್ಕರು, ನಕ್ಕು ನಕ್ಕು ದೋಣಿಯ ಅಂಚು ಹಿಡಿದು ಕುಳಿತುಬಿಟ್ಟರು. ಒಳಗಿನಿಂದ ಸಿದ್ದಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದರು, ಏನೋ ಆಗಿದೆ ಎಂದು. ಗಂಡ ನಗುವುದನ್ನು ಕಂಡು ಬಾಗಿಲಲ್ಲೇ ನಿಂತರು. ಲಕ್ವ ಹೊಡೆದ ಮೇಲೆ ಗಂಡ ಹಾಗೆ ನಕ್ಕಿದ್ದು ಅದೇ ಮೊದಲೆಂದು ಆಕೆ ಆಮೇಲೆ ನನಗೆ ಹೇಳಿದರು. ಅಂದಿನಿಂದ ಆಗಾಕಿಲ್ಲ ಅಂತ ಹೇಳಿ ಎಂದು ಆಕೆ ನನ್ನನ್ನು ಕೇಳಲಿಲ್ಲ.

ಆಮೇಲೆ ರಂಗಪ್ಪನವರೇ ನನಗೆ ಮೇಷ್ಟರಾದರು. ಹೋಗುವ ವೈರು, ಬರುವ ವೈರು ಎರಡನ್ನೂ ಜಡೆಯಂತೆ ಹೆಣೆದು ಎಳೆಯಬೇಕು, ಇಲ್ಲದಿದ್ದರೆ ಕರೆಂಟ್ ಹರಿದಾಗ ದಿಕ್ಸೂಚಿ ಅಲುಗುತ್ತದೆ ಎಂದರು. ಮೋಟರಿನೊಳಗೆ ಅಯಸ್ಕಾಂತವಿದೆ, ಅದನ್ನು ದಿಕ್ಸೂಚಿಯಿಂದ ದೂರ ಇಡು ಎಂದರು. ಒಂದು ಕಬ್ಬಿಣದ ಮೊಳೆಯನ್ನು ಹತ್ತಿರ ಹಿಡಿದು ಬಿಲ್ಲೆ ಹೇಗೆ ಬೆದರುತ್ತದೆಂದು ತೋರಿಸಿದರು. ದಿಕ್ಸೂಚಿಯ ಸುತ್ತಲಿನ ಮೊಳೆಗಳನ್ನೆಲ್ಲ ಕಿತ್ತು ಹಿತ್ತಾಳೆಯ ಸ್ಕ್ರೂ ಹಾಕಿದೆ. ಹದಿನಾಲ್ಕರ ಸ್ಪ್ಯಾನರನ್ನೂ ಅಲ್ಲಿಂದ ದೂರವೇ ಇಡುತ್ತಿದ್ದೆ.

ದೋಣಿಯನ್ನು ಎತ್ತಿನಗಾಡಿಯಲ್ಲಿ ಕೆರೆಗೆ ಸಾಗಿಸಿದೆವು. ದಡದ ಹತ್ತಿರ, ಗಾಳಿಯಿಲ್ಲದ ಹೊತ್ತಿನಲ್ಲಿ ತಳ್ಳಿಬಿಟ್ಟರೆ ಯಂತ್ರ ಚೆನ್ನಾಗಿಯೇ ನಡೆಯಿತು. ಟಿಕ್ ಎಂದರೆ ಚಕ್ರ ಎಡಕ್ಕೆ, ಟಿಕ್ ಎಂದರೆ ಬಲಕ್ಕೆ. ಮರುದಿನ ಹಾಯಿ ಏರಿಸಿ ಇಬ್ಬರೂ ಹೊರಟೆವು. ನನಗೆ ಈಜು ಬಾರದು, ಲಾರಿಯ ಟ್ಯೂಬೊಂದನ್ನು ಊದಿಸಿ ಸೊಂಟಕ್ಕೆ ಹಾಕಿಕೊಂಡಿದ್ದೆ. ಗಾಳಿ ಹಿಡಿದು ದೋಣಿ ಒಂದು ಪಕ್ಕಕ್ಕೆ ವಾಲಿತು ನೋಡಿ, ಅದುವರೆಗೆ ನೆಟ್ಟಗಿದ್ದ ಚಕ್ರ ಹುಚ್ಚು ಹಿಡಿದಂತೆ ತಿರುಗಿ ನಮ್ಮನ್ನು ಮುಳುಗಿದ್ದ ಜಾಲಿಮರಗಳೊಳಗೆ ನುಗ್ಗಿಸಿತು. ಮೈಯೆಲ್ಲ ಮುಳ್ಳು ಗೀರಿತು, ನನ್ನ ಟ್ಯೂಬು ಒಡೆಯಿತು. ರಿಲೇ ಬಿಚ್ಚಿ ಕಟ್ಟಿದೆ. ಮತ್ತೆ ಹಾಗೇ ಆಯಿತು. ಕಣ್ಣು ಬದಲಿಸಿದೆ. ಮತ್ತೆ ಹಾಗೇ. ಮೂರು ವಾರ ಬಿಡುವಾದಾಗಲೆಲ್ಲ ಹೋಗಿ ಒದ್ದಾಡಿದೆ. ಗಾಳಿ ಇಲ್ಲದಾಗ ಸರಿ, ಗಾಳಿಗೆ ವಾಲಿದರೆ ಜಾಲಿ.

ಸಿದ್ದಮ್ಮ ಪ್ರತಿ ಸಲವೂ ಕೆರೆ ಏರಿಯ ಮೇಲೆ ನಿಂತಿರುತ್ತಿದ್ದರು. ನಾವು ಸೋತು ಬಂದಾಗ, "ಆಗ್ಲಿಲ್ವಾ?" ಎಂದು ಕೇಳುತ್ತಿದ್ದರು. ಆ ದನಿಯಲ್ಲಿ ನೆಮ್ಮದಿ ಇರುತ್ತಿತ್ತು, ಆದರೆ ಗಂಡನ ಮುಖ ನೋಡಿದೊಡನೆ ಅದು ಆರಿಹೋಗುತ್ತಿತ್ತು. ಏರಿಯ ಕಲ್ಲುಗಳ ಮೇಲೆ ನೀರು ಇಳಿದ ಗೆರೆಗಳು ಒಂದರ ಕೆಳಗೊಂದು ಕಾಣತೊಡಗಿದವು. ರಂಗಪ್ಪ ದಿನವೂ ಅವನ್ನು ಎಣಿಸುತ್ತಿದ್ದರು. ಒಂದು ಸಂಜೆ, "ಸಾಕು ಬುಡು ಮೇಸ್ತ್ರಿ. ನೀನು ನಿನ್ನ ಕೈಲಾದ್ದು ಮಾಡ್ದೆ" ಎಂದರು. ಗಿರಾಕಿ ಬಯ್ದರೆ ತಡೆದುಕೊಳ್ಳಬಹುದು, ಹಾಗೆ ಸಮಾಧಾನ ಹೇಳಿದರೆ ನಿದ್ದೆ ಬರುವುದಿಲ್ಲ.

ಮರುದಿನ ಯಂತ್ರವನ್ನು ಬಿಚ್ಚಿಕೊಂಡು ಹೋಗಲೆಂದೇ ಬೆಳಿಗ್ಗೆ ಕೆರೆಗೆ ಹೋದೆ. ಬಿಚ್ಚುವಾಗ ಒಂದು ಸ್ಕ್ರೂ ಕೈಜಾರಿ, ರಂಗಪ್ಪ ಕೂರುವ ಹಲಗೆಯ ಕೆಳಗಿನ ಪೆಟ್ಟಿಗೆಯೊಳಗೆ ಬಿತ್ತು. ದಿಕ್ಸೂಚಿ ಇದ್ದದ್ದು ಆ ಪೆಟ್ಟಿಗೆಯ ಪಕ್ಕದಲ್ಲೇ. ಒಳಗೆ ಹಗ್ಗ, ಹಳೆಯ ಕಂಬಳಿ ತುಂಬಿದ್ದವು. ಕೈ ಹಾಕಿ ತಡಕಿದರೆ ಏನೋ ಗಟ್ಟಿಯಾದದ್ದು ಸಿಕ್ಕಿತು. ತೆಗೆದು ನೋಡಿದರೆ ಅರಿಶಿನದ ಬಟ್ಟೆಯಲ್ಲಿ ಸುತ್ತಿದ ಒಂದು ಕುಡುಗೋಲು. ಎತ್ತಿಕೊಂಡು ಆಚೆ ಈಚೆ ಆಡಿಸಿದೆ, ದಿಕ್ಸೂಚಿಯ ಬಿಲ್ಲೆ ಅದರ ಹಿಂದೆಯೇ ತಿರುಗಿತು. ದೋಣಿ ವಾಲಿದಾಗಲೆಲ್ಲ ಈ ಕುಡುಗೋಲು ಪೆಟ್ಟಿಗೆಯೊಳಗೆ ಜಾರುತ್ತಿತ್ತು, ಬಿಲ್ಲೆ ಅದನ್ನು ನಂಬಿ ತಿರುಗುತ್ತಿತ್ತು, ನನ್ನ ಯಂತ್ರ ಬಿಲ್ಲೆಯನ್ನು ನಂಬಿ ನಮ್ಮನ್ನು ಮುಳ್ಳಿಗೆ ತಳ್ಳುತ್ತಿತ್ತು.

ನನಗೆ ರೇಗಿಹೋಯಿತು. ಅರಿಶಿನದ ಬಟ್ಟೆ ಎಂದ ಮೇಲೆ ಇದು ಸಿದ್ದಮ್ಮನ ಕೆಲಸವೇ ಎಂದು, ಕುಡುಗೋಲು ಹಿಡಿದು ಆಕೆ ನಿಂತಿದ್ದ ಏರಿ ಹತ್ತಿದೆ. "ಏನಮ್ಮ ಇದು? ದೋಣಿ ಕೆಡ್ಲಿ ಅಂತ ಇಟ್ರಾ? ಮೂರು ವಾರ ನಾನಿಲ್ಲಿ ಮುಳ್ಳು ಚುಚ್ಚಿಸ್ಕೊಂಡು ಸಾಯ್ತಾ ಇದ್ದೀನಿ!"

ಸಿದ್ದಮ್ಮ ಬೆಚ್ಚಿದರು. "ಕೆಡ್ಲಿ ಅಂತ ಮಡಗ್ತೀನಾ ಅಯ್ನೋರೆ? ಜೀವ ಉಳೀಲಿ ಅಂತ ಮಡಗ್ದೆ. ಬಾಣಂತಿ ಮಗ್ಗುಲಾಗೆ ಕಬ್ಬಿಣ ಮಡಗಾಕಿಲ್ವಾ, ಏನೂ ಸೋಕಬಾರ್ದು ಅಂತ? ಲಕ್ವ ಹೊಡೆದಾಗ ಆಸ್ಪತ್ರೇಲಿ ಇವರ ದಿಂಬಿನ ಕೆಳಗಿದ್ದದ್ದೂ ಇದೇ ಕುಡ್ಲು."

ನಾನು ಆಡಿದ ಮಾತಿಗೆ ನನಗೇ ನಾಚಿಕೆಯಾಯಿತು. ಆಕೆಯ ಮುಖ ನೋಡಲಾಗದೆ ಕೆರೆಯ ಕಡೆ ನೋಡಿದೆ. ರಂಗಪ್ಪ ಅಷ್ಟರಲ್ಲಿ ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ತೆಗೆದುಬುಡಿ ಹಂಗಾರೆ" ಎಂದು ಸಿದ್ದಮ್ಮ ನನ್ನ ಕೈಯಿಂದ ಕುಡುಗೋಲು ಇಸಿದುಕೊಂಡರು. ಇಸಿದುಕೊಂಡು ಎದೆಗೊತ್ತಿಕೊಂಡು, "ಆದ್ರೆ ಕಬ್ಬಿಣ ಇಲ್ದಂಗೆ ಇವರನ್ನ ನೀರಿಗೆ ಬುಡಾಕಿಲ್ಲ" ಎಂದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ರಂಗಪ್ಪ ಹೆಂಡತಿಯ ಹತ್ತಿರ ಹೋಗಿ ನಿಂತರು. "ಲೇ ಸಿದ್ದಿ, ನಾನಿದ್ದ ಹಡಗು ಪೂರ್ತಿ ಕಬ್ಬಿಣ ಕಣೇ. ಅದರಾಗೂ ದಿಕ್ಸೂಚಿ ನಡೀತಿತ್ತು. ಕಬ್ಬಿಣ ಇದ್ರೆ ಅದಕ್ಕೇನೂ ತೊಂದ್ರೆ ಇಲ್ಲ, ಅಲ್ಲಾಡ್ಬಾರ್ದು ಅಷ್ಟೇಯ. ಒಂದೇ ಕಡೆ ಗಟ್ಟಿಯಾಗಿ ಇದ್ರೆ ಅದನ್ನೂ ಸೇರಿಸ್ಕಂಡು ಸರಿ ಮಾಡ್ಬೋದು." ಆಮೇಲೆ ನನಗೆ, "ಮೇಸ್ತ್ರಿ, ನಾನು ಕೂರೋ ಹಲಗೆಗೇ ಬಿಗಿದ್ಬುಡು. ಜಗ್ಗಿದ್ರೂ ಅಲ್ಲಾಡ್ಬಾರ್ದು" ಎಂದರು.

ಕುಡುಗೋಲನ್ನು ಅರಿಶಿನದ ಬಟ್ಟೆ ಸಮೇತ ಹಲಗೆಯ ಅಡಿಗೆ ಹಿತ್ತಾಳೆಯ ಪಟ್ಟಿ, ಹಿತ್ತಾಳೆಯ ಸ್ಕ್ರೂ ಹಾಕಿ ಬಿಗಿದೆ. ಸಿದ್ದಮ್ಮ ಬಗ್ಗಿ, ಜಗ್ಗಿ ನೋಡಿ ಒಪ್ಪಿದರು. ಕುಡುಗೋಲಿನ ಸೆಳೆತವನ್ನು ಸರಿದೂಗಿಸಲು ಹಾಳಾದ ಸ್ಪೀಕರಿನ ಅಯಸ್ಕಾಂತದ ಚೂರೊಂದನ್ನು ದಿಕ್ಸೂಚಿಯ ಇನ್ನೊಂದು ಮಗ್ಗುಲಿಗೆ ತಂದು, ದೋಣಿಯನ್ನು ನಾಲ್ಕು ದಿಕ್ಕಿಗೂ ತಿರುಗಿಸುತ್ತಾ, ಬಿಲ್ಲೆ ಸರಿಯಾಗಿ ನಿಲ್ಲುವವರೆಗೆ ರಂಗಪ್ಪ ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿದರು. ಆ ಸಂಜೆ ಗಾಳಿ ಬಂತು, ದೋಣಿ ವಾಲಿತು, ಚಕ್ರ ನೆಟ್ಟಗಿತ್ತು. ನಾನು ಕಿರುಚಿಕೊಂಡೆ. ರಂಗಪ್ಪ ನನ್ನ ಬೆನ್ನು ತಟ್ಟಲು ಕೈ ಎತ್ತಹೋದರು, ಆದರೆ ಕೈಯಲ್ಲಿ ಹಗ್ಗವಿತ್ತು.

ರಂಗಪ್ಪ ತಾವೇ ದೋಣಿ ನಡೆಸಿದ್ದು ಅದರ ಮುಂದಿನ ಶುಕ್ರವಾರ. ಉಸ್ತಾದ್ ನಮಾಜು ಮುಗಿಸಿ ನೇರ ಕೆರೆಗೇ ಬಂದಿದ್ದರು. ನಾನು ದೋಣಿ ತಳ್ಳಲು ನೀರಿಗಿಳಿದೆ. ಆಗ ಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದು, ಯಾರನ್ನೂ ಕೇಳದೆ ದೋಣಿ ಹತ್ತಿದರು.

"ನೀನೆಲ್ಲಿಗೆ?" ಎಂದರು ರಂಗಪ್ಪ.

"ಇಪ್ಪತ್ತು ವರ್ಸ ದಡದಾಗೆ ನಿಂತಿದ್ದು ಸಾಕಾಗಿಲ್ವಾ ನಂಗೆ?"

ರಂಗಪ್ಪ ಎದುರಿನ ಹಲಗೆ ತೋರಿಸಿದರು. ಆಕೆ ಎರಡೂ ಕೈಯಲ್ಲಿ ಅಂಚು ಹಿಡಿದು, ಕಣ್ಣು ಮುಚ್ಚಿ ಕುಳಿತರು. ತಳ್ಳಿದೆ. ನಾನು ಏರಿ ಹತ್ತುವಷ್ಟರಲ್ಲಿ ದೋಣಿ ನಮ್ಮೆದುರಿಗೇ ಹಾದುಹೋಗುತ್ತಿತ್ತು. ರಂಗಪ್ಪ ಹಗ್ಗವನ್ನು ಎಳೆದು, ಹಾಯಿ ಗಾಳಿ ತುಂಬಿಕೊಂಡ ಮೇಲೆ ಗೂಟಕ್ಕೆ ಸುತ್ತಿ ಕೈಬಿಟ್ಟರು. ಚಕ್ರ ತಾನಾಗಿಯೇ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ಆಡುತ್ತಾ ದೋಣಿಯನ್ನು ನೆಟ್ಟಗೆ ನಡೆಸಿತು.

"ಅಯ್ನೋರೆ, ಶಾಬಾಸ್" ಎಂದರು ಉಸ್ತಾದ್. ನನಗೆ ಅವರ ಕಡೆ ತಿರುಗಲು ಆಗಲಿಲ್ಲ.

ಲಕ್ವ ಹೊಡೆದಂದಿನಿಂದ ರಂಗಪ್ಪನವರ ಆ ಎಡಗೈಗೆ ಬಿಡುವಿರಲಿಲ್ಲ. ಉಣ್ಣಲು ಅದೇ, ಗುಂಡಿ ಹಾಕಲು ಅದೇ, ಬಿದ್ದರೆ ಏಳಲು ಅದೇ. ಈಗ ಅದಕ್ಕೆ ಹಿಡಿಯಲು ಏನೂ ಇರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ ಕಣ್ಣು ಮುಚ್ಚಿ ಕುಳಿತಿದ್ದ ಸಿದ್ದಮ್ಮನ ಮುಂದೆ ಚಾಚಿಕೊಂಡಿತು. ಆಕೆ ಕಣ್ಣು ತೆರೆದು, ದೋಣಿಯ ಅಂಚು ಬಿಟ್ಟು, ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು. ಆಚೆ ದಡ ಹತ್ತಿರವಾಗುವವರೆಗೆ ಬಿಡಲಿಲ್ಲ.